ಏನ್ ಒದರತಾಳವ್ವಾ ಈಕಿ!

"ಏನ್ ಒದರತಾಳವ್ವಾ ಈಕಿ! ಯಾರರೆ ಹೊಡದಾರೇನ್ ಆಕಿಗೆ?"

ಹೋದ ವರ್ಷ ಶ್ರಾವಣದ ಒಂದು ಶುಕ್ರವಾರ ನಮ್ಮ ಮನೆಯ ಪಡಸಾಲೆಯಲ್ಲಿ ಕೇಳಿಬಂದ ಮಾತಿದು. ಭಜನೆ ಮುಗಿದಿತ್ತು. ಚುರುಮುರಿ, ಚಹಾ ಆಗಿತ್ತು. ನಾವು ಏಳೆಂಟು ಹೆಂಗಸರು ಅರಿಷಿಣ ಕುಂಕುಮ ತೆಗೆದುಕೊಂಡು ಇನ್ನೇನು ಏಳಬೇಕು ಅನ್ನುವಷ್ಟರಲ್ಲಿ, ರಜೆಗೆ ಬಂದಿದ್ದ ನನ್ನ ಮಗಳು ಒಳಕೋಣೆಯಲ್ಲಿ ಹಾಡು ಹಚ್ಚಿದಳು. ಮೊದಲು ಗಿಟಾರಿನ ಒಂದು ಆರ್ಭಟ. ಆಮೇಲೆ ಎಲ್ಲ ತಣ್ಣಗಾಗಿ ಒಬ್ಬ ಹೆಣ್ಣುಮಗಳು ಮೆಲ್ಲಗೆ, ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ ಹಾಡತೊಡಗಿದಳು. ಆ ಮೆಲುದನಿ ನರಳಿಕೆಯಾಯಿತು, ನರಳಿಕೆ ಕೂಗಾಯಿತು, ಕೂಗು ಹರಿದು ಚಿಂದಿಯಾಯಿತು.

ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಕೈಯಲ್ಲಿದ್ದ ಬಸಿ ಕೆಳಗಿಟ್ಟು ಮೇಲಿನ ಮಾತು ಹೇಳಿದರು. ಎಲ್ಲರೂ ನಕ್ಕರು. ಮಗಳು ಹೊರಗೆ ಬಂದು, "ಆಕಿ ಜಾನಿಸ್ ಜಾಪ್ಲಿನ್ ರೀ ಮೌಶಿ. ಅಮೆರಿಕಾದ ರಾಕ್ ಗಾಯಕಿ. ಹಾಡಾಕ ಹತ್ತಿದ್ದು ಬ್ಲೂಸ್" ಅಂದಳು.

ಅಲ್ಲಿಂದ ಶುರುವಾಯಿತು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಎದುರುಮನೆಯ ಸೊಸೆ, "ಬ್ಲೂಸ್ ಹಾಡಾಕ ಈಕಿಗೇನ್ ಹಕ್ಕೈತಿ? ಅದು ಕಪ್ಪು ಜನರ ಹಾಡು. ಬಿಳಿಯರು ಕದ್ದು ರೊಕ್ಕಾ ಮಾಡ್ಕೊಂಡ್ರು" ಎಂದು ವಾದಕ್ಕೆ ನಿಂತಳು. ಕವಿತೆ ಬರೆಯುವ ನನ್ನ ಗೆಳತಿಗೆ, ಈ ಹಾಡುಗಾರ್ತಿ 27ನೆಯ ವಯಸ್ಸಿಗೇ ತೀರಿಕೊಂಡಳು ಅನ್ನುವುದು ಗೊತ್ತಾದದ್ದೇ ತಡ ಕಣ್ಣು ತೇವವಾದವು. "ಅದಕ್ಕ ನೋಡ್ರಿ ದನಿಯೊಳಗ ಅಷ್ಟು ಸಂಕಟ. ಹಿಂಗ ಉರಿಯೋರು ಬಾಳ ದಿನ ಬದುಕೂದಿಲ್ಲ" ಅಂದಳು.

ನಾನು ಸುಮ್ಮನಿದ್ದೆ. ನನಗೆ ಉತ್ತರಗಳು ಹೊಳೆಯುವುದು ಬಂದವರೆಲ್ಲ ಹೋದ ಮೇಲೆ, ಚಹಾದ ಬಸಿ ತೊಳೆಯುವಾಗ. ಅಂದು ಹೊಳೆದದ್ದನ್ನು ಈಗ ಬರೆಯುತ್ತಿದ್ದೇನೆ. ಆ ಮೂವರೂ ನನಗೆ ಬೇಕಾದವರೇ. ನನ್ನ ಜಗಳ ಅವರಾಡಿದ ಮಾತಿನ ಜೊತೆಗೆ ಮಾತ್ರ. ಆ ಮಾತು ನಮ್ಮ ಓಣಿಯಲ್ಲಿ ಹುಟ್ಟಿದ್ದೂ ಅಲ್ಲ. ಆ ರೆಕಾರ್ಡು ಹೊರಬಂದ ಕಾಲದಿಂದ ಅದನ್ನು ಕೇಳಿದವರು ಹೆಚ್ಚುಕಡಿಮೆ ಈ ಮೂರು ಮಾತನ್ನೇ ಹೇಳುತ್ತ ಬಂದಿದ್ದಾರೆ.

ಮೊದಲು ರೆಕಾರ್ಡಿನ ಕತೆ ಹೇಳಿಬಿಡುತ್ತೇನೆ. ಅದರ ಹೆಸರು 'ಚೀಪ್ ಥ್ರಿಲ್ಸ್'. 1968ರ ಆಗಸ್ಟಿನಲ್ಲಿ ಬಂತು. ಜಾನಿಸ್ ಆಗ ಸ್ಯಾನ್ ಫ್ರಾನ್ಸಿಸ್ಕೋದ 'ಬಿಗ್ ಬ್ರದರ್ ಅಂಡ್ ದಿ ಹೋಲ್ಡಿಂಗ್ ಕಂಪನಿ' ಎಂಬ ತಂಡದ ಹಾಡುಗಾರ್ತಿ. ಅದರಲ್ಲಿರುವುದು ಏಳು ಹಾಡು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಎಂಟು ವಾರ ಅದು ಮೊದಲ ಸ್ಥಾನದಲ್ಲಿತ್ತು. ಹೊದಿಕೆಯ ಮೇಲೆ ರಾಬರ್ಟ್ ಕ್ರಂಬ್ ಬರೆದ ವ್ಯಂಗ್ಯಚಿತ್ರಗಳು, ಜೊತೆಗೆ ಇದು ಸಭೆಯ ಮುಂದೆ ಹಾಡಿದ್ದು ಎಂಬ ಬರಹ. ಹಚ್ಚಿದರೆ ಚಪ್ಪಾಳೆ, ಶಿಳ್ಳೆ, ಗದ್ದಲ ಎಲ್ಲ ಕೇಳುತ್ತದೆ. ನಿಜ ಬೇರೆಯೇ ಇದೆ. ಡೆಟ್ರಾಯಿಟ್ ಊರಿನಲ್ಲಿ ಜನರೆದುರು ಮುದ್ರಿಸಿಕೊಂಡದ್ದು ಸರಿಬರಲಿಲ್ಲವೆಂದು ಬಹುತೇಕ ಹಾಡುಗಳನ್ನು ಸ್ಟುಡಿಯೋದಲ್ಲಿ ಹಾಡಿಸಿ, ಅದರ ಮೇಲೆ ಜನರ ಸದ್ದು ಅಂಟಿಸಿದರು. ನಿಜವಾಗಿ ಸಭೆಯಲ್ಲಿ ಹಾಡಿದ್ದು ಕೊನೆಯದೊಂದೇ, 'ಬಾಲ್ ಅಂಡ್ ಚೈನ್'. ಒಂಬತ್ತು ನಿಮಿಷಕ್ಕೂ ಮಿಕ್ಕಿದ ಹಾಡು. ಅಂದು ನಮ್ಮ ಪಡಸಾಲೆಗೆ ಬಂದದ್ದು ಅದೇ.

'ಬಾಲ್ ಅಂಡ್ ಚೈನ್' ಅಂದರೆ ಕೈದಿಯ ಕಾಲಿಗೆ ಕಟ್ಟುತ್ತಿದ್ದ ಕಬ್ಬಿಣದ ಗುಂಡು ಮತ್ತು ಸರಪಳಿ. ಇಂಗ್ಲಿಷ್ ಆಡುಮಾತಿನಲ್ಲಿ ಗಂಡಸರು ಹೆಂಡತಿಯನ್ನು ಹಾಸ್ಯ ಮಾಡಲು ಬಳಸುವ ಹೆಸರೂ ಅದೇ. ನಮ್ಮಲ್ಲಿ ಕೊರಳಿಗೆ ಕಟ್ಟಿದ ಗುಂಡುಕಲ್ಲು ಅನ್ನುತ್ತಾರಲ್ಲ, ಹಾಗೆ. ಆದರೆ ಈ ಹಾಡಿನಲ್ಲಿ ಆ ಗುಂಡನ್ನು ಎಳೆದುಕೊಂಡು ನಡೆಯುವವಳು ಹೆಣ್ಣು. ಕಾಲಿಗೆ ಕಟ್ಟಿರುವುದು ಆಕೆಯ ಪ್ರೀತಿ. ಹಾಡನ್ನು ಕಟ್ಟಿದಾಕೆಯೂ ಒಬ್ಬ ಹೆಂಗಸು. ಆಕೆಯ ಮಾತು ಮುಂದೆ ಬರುತ್ತದೆ.

ಬ್ಲೂಸ್ ಹುಟ್ಟಿದ್ದು 19ನೆಯ ಶತಮಾನದ ಕೊನೆಗೆ, ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ. ಗುಲಾಮಗಿರಿ ಕಾಯದೆಯಲ್ಲಿ ಹೋಗಿದ್ದರೂ ಹತ್ತಿಯ ಹೊಲದಿಂದ ಬಿಡುಗಡೆ ಸಿಗದಿದ್ದ ಕಪ್ಪು ಜನರ ನಡುವೆ. ಒಂದು ಸಾಲು ಹಾಡುವುದು, ಅದನ್ನೇ ಇನ್ನೊಮ್ಮೆ ಹಾಡುವುದು, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು: ಹಳೆಯ ಬ್ಲೂಸಿನ ಕಟ್ಟು ಸಾಮಾನ್ಯವಾಗಿ ಇಷ್ಟೇ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಒಬ್ಬಾಕೆ ಎತ್ತಿದ ಸಾಲನ್ನು ಇನ್ನೊಬ್ಬಾಕೆ ತಿರುಗಿಸಿ ಹೇಳುವುದನ್ನು ಕೇಳಿ ಬೆಳೆದವರಿಗೆ ಇದು ತೀರ ಪರದೇಶದ್ದು ಅನಿಸಲಾರದು. ಇನ್ನೊಂದು ಸಂಗತಿ ನೆನಪಿಡಿ. ಈ ಹಾಡನ್ನು ಮೊದಲು ರೆಕಾರ್ಡಿಗೆ ತಂದು ಜನಪ್ರಿಯ ಮಾಡಿದವರು ಹೆಂಗಸರು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್', ಆಮೇಲೆ ಮಾ ರೇನಿ, ಬೆಸ್ಸೀ ಸ್ಮಿತ್. ಗಿಟಾರು ಹಿಡಿದ ಗಂಡಸರು ಬ್ಲೂಸಿನ ಮುಖವಾದದ್ದು ಆಮೇಲೆ.

ಈಗ ಮೊದಲ ಮಾತಿಗೆ ಬರೋಣ: "ಒದರತಾಳ."

ನೀವೇ ಹೇಳಿ, ಈ ಶಬ್ದ ನಾವು ಯಾರಿಗೆ ಬಳಸುತ್ತೇವೆ? ನಮ್ಮ ಓಣಿಯ ಗಣಪತಿ ಪೆಂಡಾಲಿನಲ್ಲಿ ಹನ್ನೊಂದು ದಿನ ಗಂಡಸರು ಮೈಕು ಹಿಡಿದು ಆಕಾಶ ಹರಿಯುವ ಹಾಗೆ ಕೂಗುತ್ತಾರೆ. ಅದನ್ನು ಭಕ್ತಿ ಅನ್ನುತ್ತೇವೆ. ಚುನಾವಣೆಯಲ್ಲಿ ಕೂಗಿದರೆ ಭಾಷಣ ಅನ್ನುತ್ತೇವೆ. ಮನೆಯಲ್ಲಿ ಕೂಗಿದರೆ, "ಅವರ ಸ್ವಭಾವನ ಹಂಗ" ಅನ್ನುತ್ತೇವೆ. ಹೆಣ್ಣು ದನಿ ಎತ್ತಿದಳೋ, ಅದು ಒದರುವುದು. ಸಾಕಷ್ಟು ರಾಕ್ ಗಾಯಕರು ಗಂಟಲು ಹರಿದುಕೊಂಡಿದ್ದಾರೆ. ಅವರ ಬಗ್ಗೆ ಬರೆಯುವಾಗ ಆವೇಶ, ಶಕ್ತಿ ಎಂಬ ಶಬ್ದಗಳು ತಾವಾಗಿ ಬರುತ್ತವೆ. ಜಾನಿಸ್ ವಿಷಯಕ್ಕೆ ಬಂದಾಗ ಮಾತ್ರ ಕಿರುಚಾಟ, ಉನ್ಮಾದ!

ಟೆಕ್ಸಾಸಿನ ಪೋರ್ಟ್ ಆರ್ಥರ್ ಎಂಬ ಎಣ್ಣೆ ಕಾರ್ಖಾನೆಗಳ ಊರಲ್ಲಿ 1943ರಲ್ಲಿ ಹುಟ್ಟಿದ ಹುಡುಗಿ ಆಕೆ. ವಿಶ್ವವಿದ್ಯಾಲಯದಲ್ಲಿ ಓದುವಾಗ ಜೊತೆಯ ವಿದ್ಯಾರ್ಥಿಗಳು 'ಅತ್ಯಂತ ಕುರೂಪಿ ಗಂಡಸು' ಎಂಬ ಚೇಷ್ಟೆಯ ಸ್ಪರ್ಧೆಗೆ ಆಕೆಯ ಹೆಸರು ಸೂಚಿಸಿದ್ದರು. ಅಂದರೆ ಆಕೆ ಹಾಡಿ ಹೆಸರಾಗುವ ಮೊದಲೇ ಆಕೆಯ ಬಗ್ಗೆ ಅಭಿಪ್ರಾಯ ತಯಾರಾಗಿತ್ತು. ಹೆಣ್ಣಿನ ಹಾಗೆ ಕಾಣುವುದಿಲ್ಲ, ಹೆಣ್ಣಿನ ಹಾಗೆ ಹಾಡುವುದಿಲ್ಲ. ಹುಬ್ಬಳ್ಳಿಯವಳಾದ ನನಗೆ ಇದು ಹೊಸದೇ? ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿ ಹಾನಗಲ್ಲರ ದನಿ ಗಂಡುದನಿಯ ಹಾಗೆ ಗಡುಸಾಯಿತು. ಅವರು ಆ ದನಿಯನ್ನೇ ತಮ್ಮ ಬಲವಾಗಿಸಿಕೊಂಡು ದೇಶವೇ ತಲೆಬಾಗುವಂತೆ ಹಾಡಿದರು. ಆದರೂ ರೇಡಿಯೋದಲ್ಲಿ ಅವರ ಹಾಡು ಬಂದಾಗ, "ಇದು ಹೆಂಗಸಿನ ದನಿಯೇ?" ಎಂದು ನಕ್ಕವರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಗಂಗೂಬಾಯಿಯವರ ಹಾಡಿಗೂ ಜಾನಿಸಳದಕ್ಕೂ ಹೋಲಿಕೆ ಇಲ್ಲ. ಹೋಲಿಕೆ ಇರುವುದು ನಕ್ಕವರಲ್ಲಿ.

ಹಾಗೆಂದು ಆ ರೆಕಾರ್ಡಿನದೆಲ್ಲ ನನಗೆ ಹಿಡಿಸಿತು ಅನ್ನಲಾರೆ. ಗಿಟಾರುಗಳು ಕೆಲವು ಕಡೆ ಶ್ರುತಿ ಬಿಟ್ಟಿವೆ ಎಂದು ಆಗಿನ ವಿಮರ್ಶಕರು ಹೇಳಿದ್ದು ನನ್ನಂಥವಳ ಕಿವಿಗೂ ಗೊತ್ತಾಗುತ್ತದೆ. ಜೋಗುಳವಾಗಿ ಹುಟ್ಟಿದ 'ಸಮ್ಮರ್‌ಟೈಮ್' ಅನ್ನು ಆಕೆ ಹಾಡುವ ರೀತಿಗೆ ಮಲಗಿದ ಮಗು ಎದ್ದು ಕೂತೀತು. ಆದರೆ 'ಬಾಲ್ ಅಂಡ್ ಚೈನ್' ಅನ್ನು ಮರುದಿನ ರಾತ್ರಿ ಮಗಳ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಒಬ್ಬಳೇ ಕೂತು ಕೇಳಿದೆ. ಒದರುವವರಿಗೆ ಸುಮ್ಮನಾಗಲು ಬರುವುದಿಲ್ಲ. ಈಕೆಗೆ ಬರುತ್ತದೆ. ಎಲ್ಲಿ ತಗ್ಗಬೇಕು, ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಎಲ್ಲ ಗೊತ್ತಿದ್ದೇ ಹಾಡುತ್ತಾಳೆ. ಇದೇ ಹಾಡನ್ನು ಆಕೆ 1967ರ ಜೂನಿನಲ್ಲಿ ಮಾಂಟೆರೆ ಸಂಗೀತೋತ್ಸವದಲ್ಲಿ ಹಾಡಿದ್ದನ್ನು ಪೆನ್ನೆಬೇಕರ್ ಎಂಬ ನಿರ್ದೇಶಕ ಚಿತ್ರಿಸಿದ್ದಾನೆ. ಮಗಳು ಅದನ್ನೂ ತೋರಿಸಿದಳು. ಸಭೆಯಲ್ಲಿ ಕ್ಯಾಸ್ ಎಲಿಯಟ್ ಎಂಬ ಇನ್ನೊಬ್ಬ ಹೆಸರಾಂತ ಗಾಯಕಿ ಕೂತಿದ್ದಾಳೆ. ಹಾಡು ಕೇಳುತ್ತ ಆಕೆಯ ಬಾಯಿ ತೆರೆದೇ ಉಳಿಯುತ್ತದೆ. ಆ ಮುಖ ನೋಡಿ. ಒದರುವುದನ್ನು ಕೇಳಿದವರ ಮುಖ ಹಾಗಿರುವುದಿಲ್ಲ.

ಎರಡನೆಯ ಮಾತು: "ಕದ್ದಾಳ." ಇದು ಹಗುರವಾದ ಮಾತಲ್ಲ. ಇದಕ್ಕೆ ನಗುತ್ತ ಉತ್ತರ ಕೊಡಲಾಗದು.

'ಬಾಲ್ ಅಂಡ್ ಚೈನ್' ಕಟ್ಟಿದಾಕೆ ಬಿಗ್ ಮಾಮಾ ಥಾರ್ನ್‌ಟನ್. 1926ರಲ್ಲಿ ಅಲಬಾಮಾದಲ್ಲಿ ಹುಟ್ಟಿದ ಕಪ್ಪು ಹೆಂಗಸು. ಎತ್ತರದ ಆಳು, ಗಡಸು ದನಿ, ಎಷ್ಟೋ ಸಲ ಗಂಡಸರ ಉಡುಪಿನಲ್ಲೇ ವೇದಿಕೆಗೆ ಬರುತ್ತಿದ್ದಾಕೆ. 1952ರಲ್ಲಿ ಆಕೆ 'ಹೌಂಡ್ ಡಾಗ್' ಎಂಬ ಹಾಡು ಮುದ್ರಿಸಿದಳು. ಮರುವರ್ಷ ಅದು ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ ಏಳು ವಾರ ಮೊದಲನೆಯದಾಗಿತ್ತು. 1956ರಲ್ಲಿ ಎಲ್ವಿಸ್ ಪ್ರೀಸ್ಲಿ ಅದನ್ನೇ ಹಾಡಿದ, ಲೋಕವೆಲ್ಲ ಅದು ಆತನ ಹಾಡೆಂದೇ ತಿಳಿಯಿತು. ತನಗೆ ಸಿಕ್ಕಿದ್ದು 500 ಡಾಲರಿನ ಒಂದು ಚೆಕ್ಕು ಮಾತ್ರ ಎಂದು ಆಕೆ ಹೇಳಿಕೊಂಡಿದ್ದಳು. ಮುಂದೆ 'ಬಾಲ್ ಅಂಡ್ ಚೈನ್' ಕಟ್ಟಿದಾಗ ಒಂದು ಸಣ್ಣ ಕಂಪನಿ ಅದನ್ನು ಮುದ್ರಿಸಿಕೊಂಡು ಹೊರತರಲಿಲ್ಲ. ಹಾಡಿನ ಹಕ್ಕನ್ನು ಮಾತ್ರ ಬಿಡದೆ ಇಟ್ಟುಕೊಂಡಿತು. ಮುಂದೆ ಜಾನಿಸ್ ಹಾಡಿದ ರೆಕಾರ್ಡು ಮಾರಾಟವಾದಾಗ ಕಟ್ಟಿದಾಕೆಗೆ ಬರಬೇಕಾದ ಗೌರವಧನ ಬರದೇ ಹೋಯಿತು.

ಹಾಗಾದರೆ ಕಳ್ಳರು ಯಾರು? ಜಾನಿಸ್ ಥಾರ್ನ್‌ಟನ್ ಹಾಡುವುದನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎದುರಿಗೆ ಕೂತು ಕೇಳಿದಳು. ಹಾಡಲೇ ಎಂದು ಅನುಮತಿ ಕೇಳಿದಳು. ಆಕೆ ಕೊಟ್ಟಳು. ಇದು ಥಾರ್ನ್‌ಟನ್‌ಳ ಹಾಡು ಎಂದು ಹೇಳಲು ಈಕೆ ಹಿಂಜರಿಯಲಿಲ್ಲ. ಚಾಲಿಯನ್ನು ನಿಧಾನ ಮಾಡಿ, ಸ್ವರ ಬದಲಿಸಿ ತನ್ನದೇ ದಾರಿಯಲ್ಲಿ ಹಾಡಿದಳು. ಹಕ್ಕಿನ ಪ್ರಶ್ನೆ ಕೇಳಲೇಬೇಕು, ನಮ್ಮ ಎದುರುಮನೆಯ ಸೊಸೆ ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಪ್ರಶ್ನೆ ಹಿಡಿದು ಆಕೆ ತಟ್ಟಿದ ಬಾಗಿಲು ತಪ್ಪು. ಕಾಗದದ ಮೇಲೆ ಸಹಿ ಹಾಕಿಸಿಕೊಂಡವರ ಬಾಗಿಲು ತಟ್ಟಬೇಕು. ಕಪ್ಪು ಹೆಂಗಸಿನ ದನಿ ಬೇಡ, ಅದೇ ಹಾಡು ಬಿಳಿ ಬಾಯಿಂದ ಬಂದರೆ ಬೇಕು ಎಂದು ಅಂಗಡಿಗೆ ಹೋದ ಕೇಳುಗರ ಬಾಗಿಲು ತಟ್ಟಬೇಕು. ಆ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. ಜಾನಿಸ್ ಹೆಸರು ಕೇಳಿ ಎಷ್ಟೋ ವರ್ಷ ಆಗಿತ್ತು, ಥಾರ್ನ್‌ಟನ್ ಹೆಸರು ಕೇಳಿದ್ದು ಆ ಶುಕ್ರವಾರದ ನಂತರ.

ಜಾನಿಸ್‌ಳನ್ನು ದೇವಿ ಮಾಡಿ ಕೂಡಿಸುವ ಆಸೆ ನನಗಿಲ್ಲ. ಬಿಳಿಯ ಚರ್ಮದ ಲಾಭ ಆಕೆಗೆ ಸಿಕ್ಕಿತು, ಅದು ಸಣ್ಣ ಲಾಭವಲ್ಲ. ಆದರೆ ಆಕೆ ಮಾಡಿದ ಒಂದು ಕೆಲಸ ಹೇಳಲೇಬೇಕು. ಆಕೆ ಗುರುವೆಂದು ತಿಳಿದಿದ್ದ ಬೆಸ್ಸೀ ಸ್ಮಿತ್ 1937ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದಳು. 33 ವರ್ಷ ಆಕೆಯ ಗೋರಿಯ ಮೇಲೆ ಹೆಸರು ಬರೆದ ಒಂದು ಕಲ್ಲೂ ಇರಲಿಲ್ಲ. 1970ರ ಆಗಸ್ಟಿನಲ್ಲಿ ಕಲ್ಲು ನಿಂತಿತು. ಖರ್ಚು ಕೊಟ್ಟವರು ಇಬ್ಬರು. ಒಬ್ಬಾಕೆ ಹಿಂದೊಮ್ಮೆ ಬೆಸ್ಸೀ ಮನೆಯ ಕೆಲಸ ಮಾಡಿದ್ದ ಹ್ವಾನಿಟಾ ಗ್ರೀನ್. ಇನ್ನೊಬ್ಬಾಕೆ ಜಾನಿಸ್. ಕದ್ದವರು ಒಡತಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆಯೇ?

ಮೂರನೆಯ ಮಾತಿಗೆ ನನಗೆ ಬರುವಷ್ಟು ಸಿಟ್ಟು ಮೊದಲಿನೆರಡಕ್ಕೆ ಬರುವುದಿಲ್ಲ. "ಅಷ್ಟು ನೋವಿದ್ದದ್ದಕ್ಕ ಹಂಗ ಹಾಡಿದಳು, ಹಂಗ ಹೋದಳು."

ಸತ್ತ ಹೆಣ್ಣಿನ ಮೇಲೆ ನಮಗೆಲ್ಲ ಬಲು ಅಕ್ಕರೆ. ಬದುಕಿದ್ದಾಗ ಒದರುತ್ತಾಳೆ ಅಂದವರೇ, ಸತ್ತ ಮೇಲೆ ಎಂಥ ಸಂಕಟವಿತ್ತು ಅನ್ನುತ್ತಾರೆ. ಕಲ್ಲು ಸಿಗುವವರೆಗೆ ಹೊಡೆತ, ಕಲ್ಲಾದ ಮೇಲೆ ಕುಂಕುಮ. ಜಾನಿಸ್ ಸತ್ತದ್ದು 1970ರ ಅಕ್ಟೋಬರ್ 4ರಂದು, ಹೆರಾಯಿನ್‌ನಿಂದ. ಅದರಲ್ಲಿ ಕಾವ್ಯವೇನೂ ಇಲ್ಲ. ಆಗ ಆಕೆ 'ಪರ್ಲ್' ಎಂಬ ಹೊಸ ರೆಕಾರ್ಡಿನ ಕೆಲಸದಲ್ಲಿದ್ದಳು. ಒಂದು ಹಾಡಿನ ವಾದ್ಯಗಳೆಲ್ಲ ಸಿದ್ಧವಾಗಿದ್ದವು, ಆಕೆ ಬಂದು ದನಿ ಕೊಡುವುದಷ್ಟೇ ಉಳಿದಿತ್ತು. 1971ರಲ್ಲಿ ರೆಕಾರ್ಡು ಹೊರಬಂದಾಗ ಆ ಹಾಡನ್ನು ದನಿಯಿಲ್ಲದೆ, ಬರೀ ವಾದ್ಯದಲ್ಲೇ ಸೇರಿಸಿದರು. ಸಾವು ಹಾಡಿಗೆ ಮಾಡುವುದು ಇಷ್ಟೇ: ಹಾಡುವ ಜಾಗವನ್ನು ಖಾಲಿ ಮಾಡುತ್ತದೆ.

ಬ್ಲೂಸ್ ಸಾಯುವವರ ಹಾಡೇ ಅಲ್ಲ. ಮರುದಿನ ಬೆಳಿಗ್ಗೆ ಎದ್ದು ಮತ್ತೆ ಹೊಲಕ್ಕೆ ಹೋಗಬೇಕಾಗಿದ್ದವರ ಹಾಡು. ಥಾರ್ನ್‌ಟನ್ ಹಾಡಿದ 'ಬಾಲ್ ಅಂಡ್ ಚೈನ್' ಕೇಳಿ. ಅದೇ ನೋವು, ಆದರೆ ಕಾಲೂರಿ ನಿಂತ ದನಿ. ಆ ಗುಂಡಿನ ಭಾರ ಎಷ್ಟು ಎಂದು ಚೆನ್ನಾಗಿ ಬಲ್ಲ ದನಿ. ಆಕೆ 27ಕ್ಕೆ ಸಾಯಲಿಲ್ಲ. ಕೊನೆಯ ವರ್ಷಗಳವರೆಗೂ ಹಾಡಿ, 1984ರಲ್ಲಿ, 57ನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸಿನ ಒಂದು ಬಾಡಿಗೆ ಕೋಣೆಗಳ ಮನೆಯಲ್ಲಿ ತೀರಿಕೊಂಡಳು. ಆಕೆಗಾಗಿ ಕಣ್ಣೀರು ಹಾಕಿ ಕವಿತೆ ಬರೆದವರನ್ನು ನಾನು ಕಂಡಿಲ್ಲ. ರಾಕ್ ಸಂಗೀತದ ಗೌರವಭವನದಲ್ಲಿ ಜಾನಿಸ್ ಹೆಸರು ಸೇರಿದ್ದು 1995ರಲ್ಲಿ. ಥಾರ್ನ್‌ಟನ್ ಹೆಸರು ಸೇರಲು 2024 ಬರಬೇಕಾಯಿತು.

ದೂರದ ದೇಶದ ಇಬ್ಬರು ಹೆಂಗಸರ ಹಾಡಿಗಾಗಿ ಈಕೆಗೇಕೆ ಇಷ್ಟು ಉರಿ ಎಂದು ನೀವು ಕೇಳಬಹುದು. ಹೇಳುತ್ತೇನೆ.

ನನ್ನ ದೊಡ್ಡವ್ವನಿಗೆ ಬೀಸುವ ಪದ, ಕುಟ್ಟುವ ಪದ, ಸೋಬಾನೆ ಎಲ್ಲ ಸೇರಿ ಎಷ್ಟು ಬರುತ್ತಿದ್ದವೋ ಎಣಿಸಿದವರಿಲ್ಲ. ಕೇಳಿ ಕಲಿತದ್ದು ಅರ್ಧ, ತಾನೇ ಕಟ್ಟಿದ್ದು ಅರ್ಧ. 1979ರಲ್ಲಿ ನಾನಿನ್ನೂ ಕಾಲೇಜಿನಲ್ಲಿದ್ದೆ. ಆಗ ಟೇಪ್‌ರೆಕಾರ್ಡರ್ ಹಿಡಿದು ಒಬ್ಬ ಮಹನೀಯರು ಊರಿಗೆ ಬಂದರು. ಮೂರು ದಿನ ನಮ್ಮಲ್ಲೇ ಉಂಡರು. ದೊಡ್ಡವ್ವ ಬೀಸುಕಲ್ಲಿನ ಮುಂದೆ ಕೂತು, ಹಿಟ್ಟು ಬೇಡದಿದ್ದರೂ ಬೀಸುತ್ತ ಹಾಡಿದಳು. ಕಲ್ಲು ತಿರುಗದಿದ್ದರೆ ಆಕೆಗೆ ಪದ ಬರುತ್ತಿರಲಿಲ್ಲ. ಮೂರು ವರ್ಷದ ಮೇಲೆ ಪುಸ್ತಕ ಬಂತು. ಮುಖಪುಟದ ಮೇಲೆ ಆ ಮಹನೀಯರ ಹೆಸರು ದಪ್ಪ ಅಕ್ಷರದಲ್ಲಿತ್ತು. ಒಳಗೆ, ದೊಡ್ಡವ್ವನ ಪದಗಳ ಕೆಳಗೆ, ಸಣ್ಣ ಅಕ್ಷರದಲ್ಲಿ ಹೀಗಿತ್ತು: 'ಹೇಳಿದವರು: ಓರ್ವ ವೃದ್ಧೆ'.

ದೊಡ್ಡವ್ವನಿಗೆ ಓದಲು ಬರುತ್ತಿರಲಿಲ್ಲ. ಪುಸ್ತಕ ನನ್ನ ಕೈಗೆ ಕೊಟ್ಟು, "ನನ್ನ ಹೆಸರು ಎಲ್ಲೈತಿ, ತೋರಸವ್ವಾ" ಅಂದಳು. ನಾನು ಆಕೆಯ ಬೆರಳು ಹಿಡಿದು 'ಓರ್ವ ವೃದ್ಧೆ' ಅನ್ನುವ ಅಕ್ಷರಗಳ ಮೇಲಿಟ್ಟು, "ಇಲ್ಲೈತಿ ದೊಡ್ಡವ್ವಾ" ಅಂದೆ. ಆಕೆ ಅದನ್ನು ಸವರಿದಳು. ಆಮೇಲೆ ಮನೆಗೆ ಬಂದವರಿಗೆಲ್ಲ ಆ ಪುಟ ತೆಗೆದು, "ಇದು ನನ್ನ ಹೆಸರು" ಎಂದು ತೋರಿಸುತ್ತಿದ್ದಳು. ಓದು ಬಲ್ಲವರು ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. 1991ರಲ್ಲಿ ಆಕೆ ತೀರಿಕೊಂಡಳು. ಆಕೆಗೆ ನಿಜ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಆ ಮಹನೀಯರು ಕೆಟ್ಟವರಾಗಿರಲಿಲ್ಲ. ಪದಗಳು ಉಳಿಯಲೆಂದೇ ಅಷ್ಟು ದೂರ ಬಂದಿದ್ದರು. ಅವರು ಬರದಿದ್ದರೆ ಆ ಪದಗಳು ದೊಡ್ಡವ್ವನ ಜೊತೆಗೇ ಹೋಗುತ್ತಿದ್ದವು. ಆದರೆ ಹೆಸರು ಕೇಳುವುದು ಅವರಿಗೆ ಹೊಳೆಯಲಿಲ್ಲ. ಮೂರು ದಿನ 'ಅಜ್ಜೀ' ಎಂದು ಕರೆದರು, ಅಷ್ಟೇ. ಇವರು ಬಿಟ್ಟ ಕೆಲಸವನ್ನು, ನಾವು ಕಳ್ಳಿ ಅನ್ನುವ ಆ ಕುಡುಕಿ, ಆ ಒದರುವ ಹುಡುಗಿ ಮಾಡಿದ್ದಳು. ಕೇಳಿಯೇ ಹಾಡಿದಳು. ಯಾರ ಹಾಡು ಎಂದು ಹೇಳಿದಳು. ಸತ್ತವಳಿಗೆ ಕಲ್ಲು ನಿಲ್ಲಿಸಿದಳು. ನಾನು, ಓದಿದವಳು, ದೊಡ್ಡವ್ವನಿಗೆ ಸುಳ್ಳು ಹೇಳಿದೆ. ಕಾಗದ ಬರೆದು ಜಗಳ ಕಾಯಬಹುದಿತ್ತು. ಹೆಣ್ಣುಮಗಳು ಒದರಬಾರದು ಎಂದು ನನಗೆ ಕಲಿಸಿದ್ದರು. ನಾನು ಒದರಲಿಲ್ಲ.

ಆದ್ದರಿಂದ ಓದುವ ಅಕ್ಕತಂಗಿಯರೇ, ಇನ್ನು ಯಾವ ಹೆಣ್ಣಾದರೂ ದನಿ ಎತ್ತಿ ಹಾಡಿದಾಗ ಚೆಂದ ಹಾಡಿದಳೋ ಒದರಿದಳೋ ಎಂದು ತೂಗಲು ಕೂಡಬೇಡಿ. ಅದಕ್ಕೆ ಲೋಕದಲ್ಲಿ ಬೇಕಾದಷ್ಟು ತಕ್ಕಡಿಗಳಿವೆ. ಈ ಹಾಡು ಕಟ್ಟಿದಾಕೆ ಯಾರು, ಆಕೆಯ ಹೆಸರೇನು, ಆಕೆಗೆ ಏನು ಸಿಕ್ಕಿತು ಎಂದು ಕೇಳಿ. ಹಿಡಿಸದಿದ್ದರೆ ಬೇಕಾದರೆ ಬಂದ್ ಮಾಡಿ, ಕೇಳಿದ ಮೇಲೆ ಬಂದ್ ಮಾಡಿ.

ಮುಂದಿನ ಭಜನೆಯ ದಿನ ನಾನೇ ಹಚ್ಚಿದೆ. ಮೊದಲು ಥಾರ್ನ್‌ಟನ್, ಆಮೇಲೆ ಜಾನಿಸ್. ಮುಖ್ಯೋಪಾಧ್ಯಾಯಿನಿಯವರು ಕೊನೆಯವರೆಗೂ ಕೂತರು. "ನನಗಂತೂ ಇದು ಹಾಡು ಅನಸೂದಿಲ್ಲ" ಎಂದರು. ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟುತ್ತ ತಿರುಗಿ, "ಆ ಮೊದಲ್ನೇದಾಕಿ ಹೆಸರು ಏನಂದಿ?" ಎಂದು ಕೇಳಿದರು. ನನಗೆ ಅಷ್ಟು ಸಾಕಾಗಿತ್ತು.

ನನ್ನ ದೊಡ್ಡವ್ವನ ಹೆಸರನ್ನು ಈ ಪುಸ್ತಕದ ಅರ್ಪಣೆಯ ಪುಟದಲ್ಲಿ ಅಚ್ಚು ಹಾಕಿಸಿದ್ದೇನೆ. ದಯವಿಟ್ಟು ಪುಟ ತಿರುವಿ ಒಮ್ಮೆ ಓದಿ. ಗಟ್ಟಿಯಾಗಿ ಓದಿದರೂ ಅಡ್ಡಿಯಿಲ್ಲ.